ನಮ್ಮಂಥ ಸಂಘಕ್ಕೂ ಆರೋಗ್ಯದ ಕೆಲಸಕ್ಕೆ ದುಡ್ಡು ಸಿಗುತ್ತಾ?

ಪ್ರಶ್ನೆ: ನಾವು ಪೀಣ್ಯದ ಕಡೆಯವರು. ಹದಿನಾಲ್ಕು ಜನ ಹೆಂಗಸರ ಸ್ವಸಹಾಯ ಸಂಘ ಇದೆ. ಅರ್ಧ ಜನ ಗಾರ್ಮೆಂಟ್ಸ್‌ಗೆ ಹೋಗ್ತೀವಿ, ಮಿಕ್ಕವರು ಮನೆಗೆಲಸಕ್ಕೆ. ನಮ್ಮ ರಸ್ತೆಯಲ್ಲಿ ಬಿಪಿ, ಶುಗರ್ ಇಲ್ಲದ ಮನೆಯೇ ಇಲ್ಲ. ಮೇನ್ ರೋಡ್ ದಾಟಿದರೆ ದೊಡ್ಡ ಆಸ್ಪತ್ರೆ ಇದೆ, ಅದು ನಮ್ಮ ಕೈಗೆಟುಕಲ್ಲ. ಕಂಪನಿಗಳು ಇಂಥ ಕೆಲಸಕ್ಕೆ ದುಡ್ಡು ಕೊಡಲೇಬೇಕು ಅಂತ ಕಾನೂನಿದೆಯಂತೆ. ನಮ್ಮಂಥವರಿಗೆ ಕೊಡ್ತಾರಾ? ಯಾರನ್ನ ಕೇಳಬೇಕು? ಅರ್ಜಿ ಇಂಗ್ಲಿಷ್‌ನಲ್ಲೇ ಇರಬೇಕಾ?

ಉತ್ತರ: ತಿಂಗಳಿಗೆ ಒಬ್ಬರಾದರೂ ಇದನ್ನು ಕೇಳುತ್ತಾರೆ. ಏರಿಯಾ ಬೇರೆ, ಕಾಯಿಲೆ ಬೇರೆ, ಪ್ರಶ್ನೆ ಮಾತ್ರ ಇದೇ. ದುಡ್ಡು ಸಿಗುತ್ತದೆ. ಆದರೆ ನಿಮ್ಮ ಸಂಘದ ಪಾಸ್‌ಬುಕ್‌ಗೆ ನೇರವಾಗಿ ಬಂದು ಬೀಳುವುದು ಸದ್ಯಕ್ಕೆ ಕಷ್ಟ. ದಾರಿ ಸ್ವಲ್ಪ ಸುತ್ತು. ಆ ದಾರಿ ಹಿಡಿಯುವ ಮೊದಲು ನೂರು ಪುಟದ ಒಂದು ನೋಟ್‌ಬುಕ್ ತಗೊಳ್ಳಿ. ಯಾಕೆ ಅಂತ ಮೊದಲು ಹೇಳುತ್ತೇನೆ, ಕಾನೂನು ಆಮೇಲೆ.

ಕೆಲವು ವರ್ಷದ ಹಿಂದೆ ನಾನೊಂದು ಪುಟ್ಟ ಟ್ರಸ್ಟ್‌ನಲ್ಲಿದ್ದೆ. ನಾನು ಬರೆದ ಮೊದಲ ಅರ್ಜಿಗೇ ಒಂದು ಕಾರ್ಖಾನೆಯವರು ಒಪ್ಪಿದರು. ಆರೋಗ್ಯ ಶಿಬಿರ. ಶಾಮಿಯಾನ ಹಾಕಿಸಿದೆವು, ಬ್ಯಾನರ್ ಕಟ್ಟಿದೆವು, ಬಂದವರಿಗೆಲ್ಲ ಪಲಾವ್ ಕೊಟ್ಟೆವು. ಸಂಜೆಯ ಹೊತ್ತಿಗೆ ಮುನ್ನೂರು ಜನರ ಬಿಪಿ ನೋಡಿಯಾಗಿತ್ತು. ಅರವತ್ತಕ್ಕೂ ಹೆಚ್ಚು ಜನರಿಗೆ ಜಾಸ್ತಿ ಇತ್ತು. ಎಲ್ಲರ ಕೈಗೂ 'ಡಾಕ್ಟರಿಗೆ ತೋರಿಸಿ' ಅಂತ ಒಂದೊಂದು ಚೀಟಿ ಕೊಟ್ಟು ಮನೆಗೆ ಹೋದೆವು.

ಮುಂದಿನ ವರ್ಷ ಮತ್ತೆ ಅದೇ ಕಂಪನಿಗೆ ಹೋದೆ. ಅಲ್ಲಿನ ಅಧಿಕಾರಿ ಫೋಟೋ ಆಲ್ಬಮ್ ತಿರುವಿ ಹಾಕುತ್ತಾ ಒಂದೇ ಮಾತು ಕೇಳಿದರು. "ಆ ಅರವತ್ತು ಜನ ಈಗ ಹೇಗಿದ್ದಾರೆ?" ನನ್ನ ಹತ್ತಿರ ಫೋಟೋ ಇತ್ತು, ಉತ್ತರ ಇರಲಿಲ್ಲ. ದುಡ್ಡೂ ಸಿಗಲಿಲ್ಲ. ಬೇಜಾರಾಯಿತು, ಆದರೆ ಅವರು ಕೇಳಿದ್ದರಲ್ಲಿ ತಪ್ಪೇನಿತ್ತು?

ಆಮೇಲೆ ನೋಟ್‌ಬುಕ್ ಹಿಡಿದು ಅದೇ ಬೀದಿಗೆ ಹೋದೆವು. ಅಲ್ಲಿನ ಆಶಾ ಅಕ್ಕನ ಜೊತೆ ದಿನಾ ಸಂಜೆ ಒಂದು ಪ್ರಾವಿಷನ್ ಸ್ಟೋರ್‌ನ ಕಟ್ಟೆ ಮೇಲೆ ಕೂರುತ್ತಿದ್ದೆವು. ಒಬ್ಬ ಹೆಂಗಸು ಚೀಟಿಯನ್ನು ಇನ್ನೂ ಇಟ್ಟುಕೊಂಡಿದ್ದರು, ದೇವರ ಫೋಟೋ ಹಿಂದೆ. ಬೆಳಗ್ಗೆ ಏಳಕ್ಕೆ ಮನೆ ಬಿಟ್ಟು ಒಂದೇ ಅಪಾರ್ಟ್‌ಮೆಂಟಿನ ನಾಲ್ಕು ಮನೆಗಳಲ್ಲಿ ಕೆಲಸ ಮುಗಿಸಿ ವಾಪಸ್ ಬರುವಾಗ ಐದು ಗಂಟೆ. ಅಷ್ಟರಲ್ಲಿ ಆರೋಗ್ಯ ಕೇಂದ್ರ ಮುಚ್ಚಿರುತ್ತಿತ್ತು. ರಜೆ ಹಾಕಿದರೆ ನಾಲ್ಕು ಮನೆಯಲ್ಲೂ ಸಂಬಳ ಮುರಿಯುತ್ತಿದ್ದರು. ಸರ್ಕಾರಿ ಮಾತ್ರೆ ಪುಕ್ಕಟೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ತಲೆ ಸುತ್ತು ಬಂದಾಗ ಮಾತ್ರ ಮೆಡಿಕಲ್ ಶಾಪ್‌ನಲ್ಲಿ ಐದು ಮಾತ್ರೆ ಕತ್ತರಿಸಿ ಕೊಡಿ ಅಂತ ಕೇಳಿ ತರುತ್ತಿದ್ದರು. ಮಾತಿನ ಮಧ್ಯೆ ಅವರೇ ಹೇಳಿದರು: ಕೆಲಸದ ಮನೆ ಅಮ್ಮನಿಗೂ ಇದೇ ಬಿಪಿ. ಅವರ ಊಟದ ಟೇಬಲ್ ಮೇಲೆ ಸೋಮವಾರ, ಮಂಗಳವಾರ ಅಂತ ಏಳು ಗೂಡಿನ ಮಾತ್ರೆ ಡಬ್ಬಿ ಇದೆ. "ದಿನಾ ಅದನ್ನ ಒರೆಸಿ ಇಡೋದು ನಾನೇ."

ಆರೋಗ್ಯದಲ್ಲಿನ ಅಸಮಾನತೆ ಅಂತ ಅರ್ಜಿಗಳಲ್ಲಿ ದೊಡ್ಡದಾಗಿ ಬರೆಯುತ್ತಾರಲ್ಲ, ಅದು ಇದೇ. ಒಂದೇ ಕಾಯಿಲೆ, ಒಂದೇ ಮನೆ, ಇಬ್ಬರು ಹೆಂಗಸರು. ಒಬ್ಬರಿಗೆ ಮಾತ್ರೆ ತಪ್ಪುವುದಿಲ್ಲ, ಇನ್ನೊಬ್ಬರಿಗೆ ಸಿಗುವುದಿಲ್ಲ. ಇಲ್ಲಿ ಕೊರತೆ ಇದ್ದದ್ದು ಹೊತ್ತಿಗೆ. ಆಸ್ಪತ್ರೆಯೂ ಇತ್ತು, ಮಾತ್ರೆಯೂ ಇತ್ತು. ನಾವು ಶಾಮಿಯಾನ ಹಾಕಿದ್ದು ಅಲ್ಲಿ ಇಲ್ಲದ ಸಮಸ್ಯೆಗೆ.

ನಿಮ್ಮ ರಸ್ತೆಯಲ್ಲಿ ಅಡ್ಡಿ ಬೇರೆಯೇ ಇರಬಹುದು. ಗಾರ್ಮೆಂಟ್ಸ್‌ನಲ್ಲಿ ಶೌಚಾಲಯಕ್ಕೆ ಬಿಡುವುದಿಲ್ಲ ಅಂತ ನೀರೇ ಕುಡಿಯದೆ ಇರುವವರು ಇರಬಹುದು. ಬೇರೆ ರಾಜ್ಯದಿಂದ ಬಂದವರಿಗೆ ಭಾಷೆ ಬಾರದೆ ಕೇಂದ್ರಕ್ಕೆ ಹೋಗಲು ಮುಜುಗರ ಇರಬಹುದು. ಅದಕ್ಕೇ ನೋಟ್‌ಬುಕ್. ಮನೆಗೊಂದು ಸಾಲು ಬರೆಯಿರಿ. ಯಾರಿಗೆ ಏನಿದೆ, ಮಾತ್ರೆ ಎಲ್ಲಿಂದ ತರುತ್ತಾರೆ, ಕಳೆದ ತಿಂಗಳು ಎಷ್ಟು ದಿನ ತಪ್ಪಿತು, ಯಾಕೆ ತಪ್ಪಿತು. ಆ ಕೊನೆಯ ಕಾಲಂ ಬಿಡಬೇಡಿ. ಮನೆಯವರ ಒಪ್ಪಿಗೆ ಕೇಳಿ ಬರೆಯಿರಿ, ಹೊರಗಿನವರಿಗೆ ತೋರಿಸುವಾಗ ಹೆಸರು ಮುಚ್ಚಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8ರಷ್ಟು ಜನರಿಗೆ ರಕ್ತಹೀನತೆ ಇದೆ. ಇಂಥ ರಾಜ್ಯದ ಲೆಕ್ಕವನ್ನು ಅರ್ಜಿಯಲ್ಲಿ ಯಾರು ಬೇಕಾದರೂ ಬರೆಯುತ್ತಾರೆ. ನಿಮ್ಮ ರಸ್ತೆಯ ಲೆಕ್ಕ ನಿಮ್ಮ ಹತ್ತಿರ ಬಿಟ್ಟು ಇನ್ಯಾರ ಹತ್ತಿರವೂ ಇರುವುದಿಲ್ಲ.

ಈಗ ಕಾನೂನಿಗೆ ಬರೋಣ. ನೀವು ಕೇಳಿದ್ದು ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ದುಡ್ಡು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಲ್ಲಿ ಇದು ಬರುತ್ತದೆ. ಒಂದು ಕಂಪನಿಯ ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ಮುಟ್ಟಿದರೆ, ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಆರೋಗ್ಯ, ಅದರಲ್ಲೂ ಕಾಯಿಲೆ ಬಾರದಂತೆ ತಡೆಯುವ ಕೆಲಸ, ಆ ಪಟ್ಟಿಯ ಮೊದಲ ಸಾಲಿನಲ್ಲೇ ಇದೆ. ಕಂಪನಿ ಇರುವ ಜಾಗದ ಸುತ್ತಮುತ್ತಲಿಗೆ ಮೊದಲ ಆದ್ಯತೆ ಕೊಡಬೇಕು ಅಂತಲೂ ಕಾಯ್ದೆ ಹೇಳುತ್ತದೆ. ಸುತ್ತಲೂ ಕಾರ್ಖಾನೆಗಳೇ ಇರುವ ಪೀಣ್ಯದವರಾದ ನಿಮಗೆ ಇದು ಒಳ್ಳೆ ಸುದ್ದಿ.

ಎಲ್ಲರೂ ದೊಡ್ಡ ಐಟಿ ಕಂಪನಿಗಳ ಗೇಟಿಗೇ ಹೋಗಿ ನಿಲ್ಲುತ್ತಾರೆ. ನನ್ನ ಕೇಳಿದರೆ ಮಧ್ಯಮ ಗಾತ್ರದ ಕಾರ್ಖಾನೆಗಳೇ ವಾಸಿ. ಸರಾಸರಿ ಲಾಭ 10 ಕೋಟಿ ಇರುವ ಕಂಪನಿಗೆ ಕೊಡಬೇಕಾದದ್ದು 20 ಲಕ್ಷ. ಮೊತ್ತ 50 ಲಕ್ಷ ದಾಟದಿದ್ದರೆ ಅವರು ಅದಕ್ಕೆ ಬೇರೆ ಸಮಿತಿ ಮಾಡಬೇಕಿಲ್ಲ, ನಿರ್ದೇಶಕರ ಮಂಡಳಿಯೇ ತೀರ್ಮಾನಿಸಬಹುದು. ಅಂದರೆ ಫ್ಯಾಕ್ಟರಿ ಮ್ಯಾನೇಜರ್‌ಗೆ ನಿಮ್ಮ ಮಾತು ಹಿಡಿಸಿದರೆ ಅದು ಬೇಗ ಮಾಲೀಕರ ಕಿವಿಗೆ ಬೀಳುತ್ತದೆ. ಹುಷಾರು ಅಂದರೆ, ಕಂಪನಿಯ ನೌಕರರಿಗೆ ಮಾತ್ರ ಲಾಭ ಆಗುವ ಕೆಲಸ ಇದರ ಲೆಕ್ಕಕ್ಕೆ ಬರುವುದಿಲ್ಲ. ಮ್ಯಾರಥಾನ್‌ನಂಥ ಒಂದು ದಿನದ ಕಾರ್ಯಕ್ರಮವೂ ಬರುವುದಿಲ್ಲ.

ಇನ್ನು ಸುತ್ತು ದಾರಿ ಅಂದೆನಲ್ಲ, ಅದು. ಕಂಪನಿ ತಾನೇ ಕೆಲಸ ಮಾಡದೆ ಹೊರಗಿನವರಿಂದ ಮಾಡಿಸುವಾಗ, ಆ ಸಂಸ್ಥೆ ನೋಂದಾಯಿತ ಟ್ರಸ್ಟ್, ಸೊಸೈಟಿ ಅಥವಾ ಲಾಭದ ಉದ್ದೇಶ ಇಲ್ಲದ ಕಂಪನಿ ಆಗಿರಬೇಕು. ಆದಾಯ ತೆರಿಗೆಯವರಿಂದ, ಎಲ್ಲರ ಬಾಯಲ್ಲೂ 12ಎ, 80ಜಿ ಅಂತಲೇ ಓಡಾಡುವ ಎರಡು ನೋಂದಣಿ ಬೇಕು. ಅಂಥದೇ ಕೆಲಸದಲ್ಲಿ ಮೂರು ವರ್ಷದ ಅನುಭವ ಬೇಕು. 2021ರ ಏಪ್ರಿಲ್‌ನಿಂದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ಅನ್ನುವ ಫಾರ್ಮ್ ತುಂಬಿ ಒಂದು ನಂಬರ್ ತಗೊಂಡಿರಬೇಕು. ಸ್ವಸಹಾಯ ಸಂಘಕ್ಕೆ ಇದ್ಯಾವುದೂ ಇರುವುದಿಲ್ಲ.

ಹಾಗಾದರೆ ನಾಳೆಯೇ ಸೊಸೈಟಿ ನೋಂದಣಿ ಮಾಡಿಸೋಣ ಅಂತ ಹೊರಡಬೇಡಿ. ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಇದ್ದರೆ ಸಾಕು, ನೋಂದಣಿ ಆಗುತ್ತದೆ ನಿಜ. ಆದರೆ ಆಮೇಲೆ ವರ್ಷಾ ವರ್ಷಾ ಆಡಿಟ್, ಪದಾಧಿಕಾರಿಗಳ ಪಟ್ಟಿ, ತೆರಿಗೆ ರಿಟರ್ನ್ಸ್ ಎಲ್ಲ ಸಲ್ಲಿಸುತ್ತಲೇ ಇರಬೇಕು. ಆಡಿಟರ್ ಫೀಸ್ ಕಟ್ಟಲಾಗದೆ ನಿಂತುಹೋದ ಸಂಘಗಳನ್ನು ಬೇಕಾದಷ್ಟು ನೋಡಿದ್ದೇನೆ. ಮೂರು ವರ್ಷದ ಅನುಭವದ ಷರತ್ತಂತೂ ಹೇಗೂ ಇದ್ದೇ ಇದೆ.

ಅದರ ಬದಲು ಈ ಎಲ್ಲ ಕಾಗದ ಇರುವ ಒಂದು ಸಂಸ್ಥೆಯ ಜೊತೆ ಸೇರಿಕೊಳ್ಳಿ. ನಿಮ್ಮ ಏರಿಯಾದಲ್ಲಿ ಈಗಾಗಲೇ ಟ್ಯೂಷನ್ನೋ ಕೂಸಿನ ಮನೆಯೋ ನಡೆಸುವವರು ಇರುತ್ತಾರೆ. ಹೋಗಿ ಮಾತಾಡಿ. ಆರೋಗ್ಯದ ಕೆಲಸದ ಅನುಭವ ಅವರಿಗೆ ಇದೆಯಾ ಕೇಳಿ. ಅನುದಾನ ಅವರ ಖಾತೆಗೆ ಬರುತ್ತದೆ, ಕೆಲಸ ನೀವು ಮಾಡುತ್ತೀರಿ, ಗೌರವಧನ ಅವರ ಖಾತೆಯಿಂದ ನಿಮಗೆ ಬರುತ್ತದೆ. ಯಾರ ಕೆಲಸ ಏನು, ದುಡ್ಡು ಯಾವಾಗ ಬರುತ್ತದೆ, ನೋಟ್‌ಬುಕ್ ಯಾರದ್ದು, ಇಷ್ಟನ್ನು ಕಾಗದದ ಮೇಲೆ ಬರೆದು ಎರಡೂ ಕಡೆಯವರು ಸಹಿ ಹಾಕಿ. ನೋಟ್‌ಬುಕ್ ನಿಮ್ಮದೇ ಅಂತ ಬರೆಸಿಕೊಳ್ಳುವುದನ್ನು ಮರೆಯಬೇಡಿ. ಮೂರು ವರ್ಷ ಆದಮೇಲೆ ನಿಮ್ಮ ಅನುಭವಕ್ಕೆ ಅದೇ ಸಾಕ್ಷಿ.

ಆ ಸಂಸ್ಥೆಗೆ ಬರುವುದು ವಿದೇಶದ ದುಡ್ಡಾದರೆ ಲೆಕ್ಕ ಬೇರೆ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿ ಪ್ರಕಾರ, ಒಂದು ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗಿಲ್ಲ. ಯೋಜನೆ ಅವರದ್ದೇ ಆಗಿ, ಖರ್ಚೂ ಅವರೇ ಮಾಡಬೇಕು. ಸುಮ್ನೆ ಆ ತಲೆನೋವು ಬೇಡ. ಈ ಊರಿನ ದುಡ್ಡೇ ನಿಮ್ಮ ಕೆಲಸಕ್ಕೆ ಸಾಕು. ಇಲ್ಲೇ ಇರುವ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನಂಥವರು ಸಂಸ್ಥೆಗಳಿಗೆ ಅನುದಾನ ಕೊಡುತ್ತಾರೆ. ಅಂಥ ಕಡೆ ಕೇಳುವುದೂ ನಿಮ್ಮ ಜೊತೆಗಾರ ಸಂಸ್ಥೆಯ ಹೆಸರಲ್ಲೇ ಆಗಬೇಕು.

ಸರ್ಕಾರದಲ್ಲಿ ಒಂದು ಚಿಕ್ಕ ದುಡ್ಡಿದೆ, ಯಾರೂ ಕೇಳುವುದಿಲ್ಲ. ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನದಲ್ಲಿ ಕೊಳಗೇರಿಗಳ 50ರಿಂದ 100 ಮನೆಗಳಿಗೆ ಒಂದರಂತೆ ಮಹಿಳಾ ಆರೋಗ್ಯ ಸಮಿತಿ ಇರಬೇಕು. ವರ್ಷಕ್ಕೆ 5,000 ರೂಪಾಯಿ ಅದರ ಖಾತೆಗೆ ಬರಬೇಕು. ನಿಮ್ಮ ರಸ್ತೆಗೆ ಸಮಿತಿ ಇದೆಯಾ ಅಂತ ಆಶಾ ಅಕ್ಕನನ್ನು ಕೇಳಿ. ಎಷ್ಟೋ ಕಡೆ ಸದಸ್ಯರಾಗಿರುವವರಿಗೇ ತಾವು ಸದಸ್ಯರು ಅಂತ ಗೊತ್ತಿರುವುದಿಲ್ಲ! ಐದು ಸಾವಿರದಲ್ಲಿ ಏನಾಗುತ್ತದೆ ಅಂತ ನಗಬೇಡಿ. ಅದರ ಖರ್ಚಿಗೆ ನೆಟ್ಟಗೆ ಬಿಲ್ ಇಟ್ಟರೆ, ಸರ್ಕಾರದ ದುಡ್ಡಿಗೆ ಲೆಕ್ಕ ಕೊಟ್ಟವರು ಅಂತ ಅರ್ಜಿಯಲ್ಲಿ ಧೈರ್ಯವಾಗಿ ಬರೆಯಬಹುದು.

ಆರೋಗ್ಯ ಕೇಂದ್ರದ ಅಥವಾ ಸರ್ಕಾರದ 'ನಮ್ಮ ಕ್ಲಿನಿಕ್'ನ ವೈದ್ಯಾಧಿಕಾರಿಯಿಂದ ಒಂದು ಪತ್ರವೂ ಬೇಕು. 'ಇವರು ಕಳಿಸಿದವರಿಗೆ ಇಲ್ಲಿ ತಪಾಸಣೆ ಮಾಡಿ ಮಾತ್ರೆ ಕೊಡುತ್ತೇವೆ' ಅಂತ ಎರಡು ಸಾಲು ಇದ್ದರೆ ಸಾಕು. ಮೇಲಿನ ಕಚೇರಿಗೆ ಬರೆಯಬೇಕಾಗಿ ಬಂದರೆ ನಿಮ್ಮ ವಾರ್ಡ್ ಈಗ ಯಾವ ಪಾಲಿಕೆಯಲ್ಲಿದೆ ನೋಡಿಕೊಳ್ಳಿ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಗಿವೆ.

ಎಷ್ಟು ಕೇಳಬೇಕು? ನಿಮ್ಮ ರಸ್ತೆಯಲ್ಲಿ 120 ಮನೆ ಅಂತ ಇಟ್ಟುಕೊಳ್ಳಿ, ನಾನು ಹೀಗೆ ಬರೆಯುತ್ತಿದ್ದೆ. ಸಂಜೆ ಹೊತ್ತು ಮನೆ ಮನೆ ತಿರುಗುವ ಇಬ್ಬರಿಗೆ ತಿಂಗಳಿಗೆ ತಲಾ 4,000, ವರ್ಷಕ್ಕೆ 96,000. ತಿಂಗಳಿಗೆ ಎರಡು ಸಲ ನರ್ಸ್ ಬಂದು ಹೋಗಲು ಸಲಕ್ಕೆ 1,500ರಂತೆ 36,000. ಎರಡು ಬಿಪಿ ಮಶಿನ್ 5,000. ಆಸ್ಪತ್ರೆಗೆ ಕರೆದೊಯ್ಯುವ ಆಟೋ 15,000. ಮೀಟಿಂಗಿನ ಟೀ, ಬಿಸ್ಕತ್ತು 12,000. ರಿಜಿಸ್ಟರ್, ಜೆರಾಕ್ಸ್ 6,000. ಲೆಕ್ಕ ಬರೆಯಲು, ಆಡಿಟ್‌ಗೆ 15,000. ಒಟ್ಟು 1,85,000. ಮನೆಗೆ ತಿಂಗಳಿಗೆ ನೂರ ಮೂವತ್ತು ರೂಪಾಯಿ ಕೂಡ ಬೀಳುವುದಿಲ್ಲ. ಮಾತ್ರೆಗೆ ಒಂದು ರೂಪಾಯಿಯನ್ನೂ ಇಟ್ಟಿಲ್ಲ ನೋಡಿ, ಅದು ಸರ್ಕಾರದಿಂದಲೇ ಬರಬೇಕು. ಹೆಂಗಸರ ಗೌರವಧನವನ್ನು ಮಾತ್ರ ಯಾರು ಎಷ್ಟೇ ಚೌಕಾಸಿ ಮಾಡಿದರೂ ಕಡಿಮೆ ಮಾಡಬೇಡಿ. 'ಸೇವೆ ಅಲ್ವಾ, ಸಂಬಳ ಯಾಕೆ' ಅನ್ನುವವರು ಇದ್ದೇ ಇರುತ್ತಾರೆ. ಹಾಗೆ ಕೇಳುವವರು ತಾವೇನೂ ಪುಕ್ಕಟೆ ಕೂತಿರುವುದಿಲ್ಲ.

ಗುರಿಯನ್ನು ಒಂದೇ ಸಾಲಿನಲ್ಲಿ ಬರೆಯಿರಿ. ಬಿಪಿ ಇರುವ ಇಷ್ಟು ಜನರಲ್ಲಿ ಈಗ ಇಷ್ಟು ಜನ ದಿನಾ ಮಾತ್ರೆ ತಗೊಳ್ಳುತ್ತಾರೆ, ವರ್ಷದ ಕೊನೆಗೆ ಇಷ್ಟು ಜನ ತಗೊಳ್ಳುತ್ತಾರೆ. ಅರಿವು ಮೂಡಿಸುತ್ತೇವೆ, ಸಬಲರನ್ನಾಗಿಸುತ್ತೇವೆ ಅಂತ ಬರೆದರೆ ಓದುವವರಿಗೆ ನಿದ್ದೆ ಬರುತ್ತದೆ.

ಅರ್ಜಿ ಏಪ್ರಿಲ್‌ನಿಂದ ಜೂನ್ ಒಳಗೆ ಕೊಡಿ, ಕಂಪನಿಗಳು ವರ್ಷದ ಲೆಕ್ಕ ಹಾಕುವ ಹೊತ್ತು ಅದು. ಫೆಬ್ರವರಿ, ಮಾರ್ಚ್‌ನಲ್ಲೂ ದುಡ್ಡು ಸಿಗುವುದುಂಟು, ಖರ್ಚಾಗದೆ ಉಳಿದದ್ದು. ಆದರೆ ಅದು ಅವಸರದ ದುಡ್ಡು, ಹದಿನೈದು ದಿನದಲ್ಲಿ ಖರ್ಚು ತೋರಿಸಿ ಅನ್ನುತ್ತಾರೆ. ಮತ್ತೆ ಶಾಮಿಯಾನ, ಮತ್ತೆ ಪಲಾವ್. ಇನ್ನು 'ಗ್ರಾಂಟ್ ಕೊಡಿಸುತ್ತೇನೆ, ಇಷ್ಟು ಪರ್ಸೆಂಟ್ ನನಗೆ' ಅಂತ ಬರುವವರನ್ನು ಬಾಗಿಲಲ್ಲೇ ಕಳಿಸಿಬಿಡಿ. ಬಂದ ದುಡ್ಡಲ್ಲಿ ಅರ್ಧ ನಗದಾಗಿ ವಾಪಸ್ ಕೊಡಿ ಅನ್ನುವ ಕಂಪನಿಗೂ ಅದೇ ಮರ್ಯಾದೆ. ಸಿಕ್ಕಿಬಿದ್ದರೆ ಸಹಿ ಹಾಕಿದವರು ನೀವಾಗಿರುತ್ತೀರಿ.

ಇಂಗ್ಲಿಷ್ ವಿಚಾರ. ಪೀಣ್ಯದ ಕಾರ್ಖಾನೆಗೆ ಕನ್ನಡದಲ್ಲೇ ಕೊಡಬಹುದು, ಹೋಗಿ ಮಾತಾಡುವುದಂತೂ ಕನ್ನಡದಲ್ಲೇ ಮಾತಾಡಿ. ದೊಡ್ಡ ಕಂಪನಿಗಳ ಫಾರ್ಮ್ ಇಂಗ್ಲಿಷ್‌ನಲ್ಲಿ ಇರುತ್ತದೆ. ನಿಮ್ಮಲ್ಲಿ ಯಾರದಾದರೂ ಮಗಳು ಡಿಗ್ರಿ ಓದುತ್ತಿದ್ದರೆ ಅವಳಿಂದ ಬರೆಸಿ, ಎರಡು ಪುಟ ಸಾಕು. ಜೊತೆಗೆ ನೋಟ್‌ಬುಕ್ಕಿನ ಒಂದು ಪುಟವನ್ನು, ಹೆಸರುಗಳ ಮೇಲೆ ಕಾಗದ ಅಂಟಿಸಿ, ಹಾಗೇ ಜೆರಾಕ್ಸ್ ಮಾಡಿ ಇಡಿ. ನಾವು ಎರಡನೇ ಸಲ ಬೇರೊಂದು ಕಂಪನಿಗೆ ಅರ್ಜಿ ಕೊಟ್ಟಾಗ ಅಲ್ಲಿನ ಮೇಡಂ ಟೈಪ್ ಮಾಡಿದ ಹಾಳೆಗಳನ್ನು ಪಕ್ಕಕ್ಕೆ ಸರಿಸಿ, ಕೈಬರಹದ ಆ ಪುಟವನ್ನೇ ಹಿಡಿದು ಓದತೊಡಗಿದರು. 'ಯಾಕೆ ತಪ್ಪಿತು' ಕಾಲಂ ಕೆಳಗೆ ಒಂದು ಕಡೆ ಆಶಾ ಅಕ್ಕ 'ಮಳೆ, ಮನೆಗೆ ನೀರು ನುಗ್ಗಿ ಮಾತ್ರೆ ನೆನೆಯಿತು' ಅಂತ ಬರೆದಿದ್ದರು. ಅದರ ಮೇಲೆ ಬೆರಳಿಟ್ಟು, "ಇದು ಯಾವ ರಸ್ತೆ?" ಅಂತ ಕೇಳಿದರು.