ಉಪ್ಪು ಕಾಯುವುದಿಲ್ಲ, ಹುಳಿ ಕಾಯುತ್ತದೆ: ಪೋಲೆಂಡಿನ ಸೌತೆಕಾಯಿಯನ್ನು ಮನೆಯಲ್ಲಿ ಹಾಕುವವರಿಗೆ

ಪೋಲೆಂಡಿನಲ್ಲಿ ಸೌತೆಕಾಯಿಯ ಉಪ್ಪಿನಕಾಯಿ ಎರಡು ಬಗೆಯದು. ವಿನಿಗರ್ ಮತ್ತು ಸಕ್ಕರೆ ಬೆರೆಸಿ ಕಾಯಿಸಿ ಮುಚ್ಚಿಟ್ಟದ್ದು ‘ಒಗುರ್ಕಿ ಕೊನ್ಸೆರ್ವೋವೆ’. ಬರಿಯ ಉಪ್ಪುನೀರಿನಲ್ಲಿ ಮುಳುಗಿದ್ದು ತಾನಾಗಿಯೇ ಹುಳಿಯಾದದ್ದು ‘ಒಗುರ್ಕಿ ಕಿಶೋನೆ’. ನಾನು ಇಲ್ಲಿ ಬರೆಯುತ್ತಿರುವುದು ಎರಡನೆಯದರ ಬಗ್ಗೆ ಮಾತ್ರ. ಆಹಾರದ ಸೂಕ್ಷ್ಮಜೀವಿಗಳೊಡನೆ ಕೆಲಸ ಮಾಡುವ ನನಗೆ ಇದರಷ್ಟು ಸರಳವೂ ಇದರಷ್ಟು ಸುಲಭವಾಗಿ ಕೆಡಿಸಬಹುದಾದುದೂ ಆದ ಇನ್ನೊಂದು ಮನೆಕೆಲಸ ಕಂಡಿಲ್ಲ.

ಕೆಡುವುದು ಹೆಚ್ಚಾಗಿ ನಮ್ಮ ಉಪ್ಪಿನಕಾಯಿಯ ಅಭ್ಯಾಸದಿಂದಲೇ. ಮಲೆನಾಡಿನ ಅಪ್ಪೆಮಿಡಿಗೆ ನಾವು ಧಾರಾಳವಾಗಿ ಉಪ್ಪು ಸುರಿಯುತ್ತೇವೆ. ಅಷ್ಟು ಉಪ್ಪಿನಲ್ಲಿ ಬಹುತೇಕ ಸೂಕ್ಷ್ಮಜೀವಿಗಳು ಬೆಳೆಯಲಾರವು, ಆದ್ದರಿಂದ ಮಿಡಿಯನ್ನು ಕಾಯುವುದು ಉಪ್ಪೇ. ಪೋಲಿಷ್ ಸೌತೆಕಾಯಿಯಲ್ಲಿ ಉಪ್ಪು ಕಾವಲುಗಾರನಲ್ಲ. ಬೇಡದ ಜೀವಿಗಳನ್ನು ಹಿಂದಕ್ಕೆ ತಳ್ಳಿ, ಸಿಪ್ಪೆಯ ಮೇಲೆ ಮೊದಲೇ ಇರುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳಿಗೆ ದಾರಿ ಬಿಡುವುದಷ್ಟೇ ಅದರ ಕೆಲಸ. ಮೊದಲ ದಿನಗಳಲ್ಲಿ ಲ್ಯೂಕೊನಾಸ್ಟಾಕ್‌ನಂಥವು ಗಾಳಿಗುಳ್ಳೆ ಎಬ್ಬಿಸುತ್ತವೆ. ಹುಳಿ ಏರಿದಂತೆ ಅವು ಹಿಂದೆ ಸರಿದು, ಹೆಚ್ಚು ಹುಳಿ ತಾಳುವ ಲ್ಯಾಕ್ಟೊಬ್ಯಾಸಿಲಸ್ ವರ್ಗದವು ಮುಂದುವರಿಸುತ್ತವೆ. ಹುಳಿಯನ್ನು ಅಳೆಯುವ ಪಿಎಚ್ (ಹುಳಿ ಹೆಚ್ಚಿದಷ್ಟೂ ಇದು ಇಳಿಯುತ್ತದೆ) 4.6ಕ್ಕಿಂತ ಕೆಳಗಿಳಿದರೆ ಬೊಟುಲಿಸಂ ಎಂಬ ಮಾರಕ ಆಹಾರವಿಷಬಾಧೆ ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯಲಾರದು. ಚೆನ್ನಾಗಿ ಹುದುಗಿದ ಜಾಡಿಯಲ್ಲಿ ಪಿಎಚ್ ಸುಮಾರು 3.5ರವರೆಗೂ ಇಳಿಯುತ್ತದೆ. ಭದ್ರವಾಗಿರಲಿ ಎಂದು ಉಪ್ಪು ಹೆಚ್ಚಿಸಿದವರು ಈ ಹುಳಿಯನ್ನೇ ತಡೆಯುತ್ತಾರೆ.

ಆದ್ದರಿಂದ ಉಪ್ಪನ್ನು ತೂಗಿಯೇ ಹಾಕಬೇಕು: ಒಂದು ಲೀಟರ್ ನೀರಿಗೆ 40ರಿಂದ 50 ಗ್ರಾಂ. ಚಮಚದ ಲೆಕ್ಕ ಸಾಲದು, ಏಕೆಂದರೆ ಕಲ್ಲುಪ್ಪು ಮತ್ತು ಪುಡಿಯುಪ್ಪು ಒಂದೇ ಚಮಚದಲ್ಲಿ ಒಂದೇ ತೂಕ ತೂಗುವುದಿಲ್ಲ. ಪೋಲಿಷ್ ಮನೆಗಳಲ್ಲಿ ಅಯೋಡಿನ್ ಇಲ್ಲದ ಕಲ್ಲುಪ್ಪನ್ನೇ ಬಯಸುತ್ತಾರೆ. ನೀರನ್ನು ಕುದಿಸಿ ಆರಿಸಿಕೊಂಡರೆ ಕ್ಲೋರಿನ್ ಹೋಗುತ್ತದೆ.

ಅಲ್ಲಿ ಇದು ಜುಲೈ, ಆಗಸ್ಟ್ ತಿಂಗಳ ಕೆಲಸ. ಬಯಲಿನಲ್ಲಿ ಬೆಳೆದ, ಗುಬುಟು ಸಿಪ್ಪೆಯ ಚಿಕ್ಕ ಕಾಯಿಗಳೇ ಬೇಕು. ಕರ್ನಾಟಕದಲ್ಲಿ 1990ರ ದಶಕದಿಂದ ರಫ್ತಿಗಾಗಿ ಬೆಳೆಯುತ್ತಿರುವ ಮಿಡಿಸೌತೆ ಇದಕ್ಕೆ ತಕ್ಕ ಕಾಯಿ. ಕೊಯ್ದ ದಿನವೇ ಹಾಕಿದರೆ ಒಳ್ಳೆಯದು. ಬಾಡಿದವನ್ನು ಕೆಲವು ಗಂಟೆ ತಣ್ಣೀರಿನಲ್ಲಿ ನೆನೆಸಬೇಕು. ಹೂವಿದ್ದ ತುದಿಯನ್ನು ತೆಳ್ಳಗೆ ಕತ್ತರಿಸಿ ಎಸೆಯಿರಿ: ಕಾಯಿಯನ್ನು ಮೆತ್ತಗಾಗಿಸುವ ಕಿಣ್ವಗಳು ಅಲ್ಲಿಯೇ ಹೆಚ್ಚು. ಜಾಡಿಯ ತಳಕ್ಕೆ ಬೀಜ ಕಟ್ಟಿದ ಸಬ್ಬಸಿಗೆಯ ತೆನೆ, ಬೆಳ್ಳುಳ್ಳಿ, ಹಾರ್ಸ್‌ರ‍್ಯಾಡಿಶ್ ಎಂಬ ಘಾಟು ಬೇರಿನ ತುಂಡು. ಜೊತೆಗೆ ಓಕ್, ಚೆರ‍್ರಿ ಅಥವಾ ಕಪ್ಪು ಕರಂಟ್ ಗಿಡದ ಎಲೆ. ಎಲೆಗಳಲ್ಲಿನ ಟ್ಯಾನಿನ್ ಅಂದರೆ ಒಗರು ಅಂಶವು ಕಾಯಿಯ ಗರಿಗರಿಯನ್ನು ಉಳಿಸುತ್ತದೆ. ಅವು ಸಿಗದ ಕಡೆ ದ್ರಾಕ್ಷಿ ಎಲೆ ಸಾಕು.

ಕಾಯಿಗಳನ್ನು ನೆಟ್ಟಗೆ, ಒತ್ತಾಗಿ ನಿಲ್ಲಿಸಿ, ಒಂದೂ ಮೇಲೆ ತೇಲದಂತೆ ಉಪ್ಪುನೀರು ತುಂಬಿ ಭಾರವಿಡಿ. ನೀರು ತಾಗಬಾರದೆಂಬ ನಮ್ಮ ಮಡಿ ಇಲ್ಲಿ ತಲೆಕೆಳಗಾಗುತ್ತದೆ. ಗಾಳಿಗೆ ಒಡ್ಡಿಕೊಂಡ ಕಾಯಿಯೇ ಮೊದಲು ಬೂಷ್ಟು ಹಿಡಿಯುತ್ತದೆ. ಹುದುಗುವಾಗ ಅನಿಲ ಹುಟ್ಟುವುದರಿಂದ ಮುಚ್ಚಳವನ್ನು ಬಿಗಿಯಬೇಡಿ, ಕೆಳಗೆ ತಟ್ಟೆ ಇಡಿ. 18ರಿಂದ 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು-ಮೂರು ದಿನಕ್ಕೇ ‘ಮಾವೊಸೋಲ್ನೆ’ ಎಂಬ ಎಳೆಯ ಹದ ಸಿಗುತ್ತದೆ, ಒಳಗೆ ಇನ್ನೂ ಹಸಿ, ಹೊರಗೆ ತುಸು ಹುಳಿ. ನನ್ನ ಮಟ್ಟಿಗೆ ಇದೇ ಅತ್ಯುತ್ತಮ. ಒಂದು ವಾರದ ಬಳಿಕ ತಣ್ಣನೆಯ ನೆಲಮಾಳಿಗೆಗೆ ಅಥವಾ ಫ್ರಿಜ್ಜಿಗೆ ಸೇರಿಸಿದರೆ ಕೆಲವು ವಾರಗಳಲ್ಲಿ ಪೂರ್ತಿ ಹದಕ್ಕೆ ಬರುತ್ತದೆ. ಬೆಂಗಳೂರಿನ ಬೇಸಿಗೆಯಲ್ಲಿ ಹುದುಗು ಬೇಗ ಓಡುವುದರಿಂದ ಮೂರನೆಯ ದಿನದಿಂದಲೇ ರುಚಿ ನೋಡುತ್ತಿರಬೇಕು.

ನೀರು ಕದಡಿ ಬೆಳ್ಳಗಾದರೆ ಗಾಬರಿ ಬೇಡ, ಅದು ಬ್ಯಾಕ್ಟೀರಿಯಾಗಳು ಬೆಳೆದ ಗುರುತು. ಮೇಲೆ ತೆಳ್ಳನೆಯ ಬಿಳಿ ಯೀಸ್ಟ್ ಪೊರೆ ಕಂಡರೆ ತೆಗೆದುಹಾಕಬಹುದು. ಆದರೆ ಬಣ್ಣದ, ನವಿರುನವಿರಾದ ಬೂಷ್ಟು, ಕೊಳೆತ ವಾಸನೆ, ಲೋಳೆಯಂಥ ಕಾಯಿ ಇದ್ದರೆ ರುಚಿ ನೋಡದೆ ಇಡೀ ಜಾಡಿಯನ್ನು ಎಸೆಯಿರಿ.

ಎಲೆಕೋಸಿಗೆ, ಅಂದರೆ ‘ಕಪುಸ್ತಾ ಕಿಶೋನಾ’ಕ್ಕೆ, ನೀರೇ ಬೇಡ. ಹೆಚ್ಚಿದ ಕೋಸಿನ ತೂಕದ ಶೇ. 2ರಷ್ಟು ಉಪ್ಪು ಹಾಕಿ, ಅದು ತನ್ನದೇ ರಸದಲ್ಲಿ ಮುಳುಗುವವರೆಗೂ ಕೈಯಿಂದ ಹಿಸುಕಿದರೆ ಸಾಕು.

ಸೌತೆಕಾಯಿಯ ಹುಳಿನೀರನ್ನು ಚೆಲ್ಲಬೇಡಿ. ಪೋಲೆಂಡಿನಲ್ಲಿ ‘ಒಗುರ್ಕೋವಾ’ ಸೂಪಿಗೆ ತುರಿದ ಕಾಯಿಯೊಡನೆ ಅದನ್ನೂ ಸೇರಿಸುತ್ತಾರೆ. ಆಲೂಗಡ್ಡೆ ಪೂರ್ತಿ ಬೆಂದ ಮೇಲೆಯೇ ಅದನ್ನು ಹಾಕಬೇಕು, ಹುಳಿ ಮೊದಲೇ ಬಿದ್ದರೆ ಆಲೂಗಡ್ಡೆ ಎಷ್ಟು ಹೊತ್ತು ಕುದಿಸಿದರೂ ಗಟ್ಟಿಯಾಗಿಯೇ ಉಳಿಯುತ್ತದೆ.