ನಿದ್ದೆಯಲ್ಲೇ ಒದೆಯುತ್ತಾರೆ, ಗುದ್ದುತ್ತಾರೆ: ಇದು ಬರೀ ಕನವರಿಕೆಯೇ?

ಪ್ರಶ್ನೆ: ನಮ್ಮ ಯಜಮಾನರಿಗೆ 61 ವರ್ಷ. ಒಂದು ವರ್ಷದಿಂದ ಬೆಳಗಿನ ಜಾವ ನಿದ್ದೆಯಲ್ಲೇ ಕೂಗಾಡುತ್ತಾರೆ, ಕೈಕಾಲು ಬೀಸುತ್ತಾರೆ. ಮೊನ್ನೆ ನನ್ನ ಭುಜಕ್ಕೇ ಗುದ್ದು ಬಿತ್ತು. ಎಬ್ಬಿಸಿದರೆ ‘ಯಾರೋ ಅಟ್ಟಿಸಿಕೊಂಡು ಬಂದ, ತಳ್ಳಿದೆ’ ಎನ್ನುತ್ತಾರೆ. ಹಗಲು ತುಂಬಾ ಸಾಧು ಮನುಷ್ಯ. ಇದು ಮಾನಸಿಕ ತೊಂದರೆಯೇ? ಯಾರಿಗೆ ತೋರಿಸಬೇಕು?

ಉತ್ತರ: ನಿಮ್ಮ ಮಾತಿನಲ್ಲೇ ಮೂರು ಸುಳಿವುಗಳಿವೆ. ಇದು ಆಗುವುದು ಬೆಳಗಿನ ಜಾವ, ಎಬ್ಬಿಸಿದ ಕೂಡಲೇ ಅವರಿಗೆ ಪೂರ್ತಿ ಎಚ್ಚರವಾಗುತ್ತದೆ, ಹೇಳುವ ಕನಸಿಗೂ ಬೀಸಿದ ಕೈಗೂ ತಾಳೆಯಾಗುತ್ತದೆ. ಐವತ್ತು ದಾಟಿದವರಲ್ಲಿ ಇವು ಒಟ್ಟಿಗೆ ಕಂಡರೆ ಮೊದಲು ಅನುಮಾನಿಸಬೇಕಾದದ್ದು ‘ರೆಮ್ ಸ್ಲೀಪ್ ಬಿಹೇವಿಯರ್ ಡಿಸಾರ್ಡರ್’ ಅನ್ನು. ವೈದ್ಯರು ಚೀಟಿಯಲ್ಲಿ ಚಿಕ್ಕದಾಗಿ ಆರ್‌ಬಿಡಿ ಎಂದು ಬರೆಯುತ್ತಾರೆ. ಇದು ಮನೋರೋಗವಲ್ಲ. ಅದುಮಿಟ್ಟ ಸಿಟ್ಟು ರಾತ್ರಿ ಹೊರಬರುತ್ತಿದೆ ಎಂದೂ ಅಲ್ಲ.

ಕನಸುಗಳು ದಟ್ಟವಾಗಿ ಬೀಳುವುದು ರೆಮ್ ನಿದ್ದೆಯಲ್ಲಿ, ಅಂದರೆ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ವೇಗವಾಗಿ ಓಡಾಡುವ ಹಂತದಲ್ಲಿ. ಆ ಹೊತ್ತಿಗೆ ಮಿದುಳುಕಾಂಡದ ನರಕೋಶಗಳು ಮೈಯ ಸ್ನಾಯುಗಳನ್ನು ಸಡಿಲಗೊಳಿಸಿಬಿಡುತ್ತವೆ. ಕನಸಿನಲ್ಲಿ ಎಷ್ಟು ಓಡಿದರೂ ಕಾಲು ಅಲುಗುವುದಿಲ್ಲ. ಆ ತಡೆ ಸಡಿಲವಾದರೆ ಕನಸಿನ ಹೊಡೆದಾಟ ಹಾಸಿಗೆಗೂ ಬರುತ್ತದೆ. 1960ರ ದಶಕದಲ್ಲಿ ಫ್ರಾನ್ಸಿನ ನಿದ್ರಾ ಸಂಶೋಧಕ ಮಿಷೆಲ್ ಜುವೆ ಬೆಕ್ಕುಗಳಲ್ಲಿ ಈ ಭಾಗಕ್ಕೆ ಘಾಸಿ ಮಾಡಿ ಇದನ್ನೇ ಕಂಡಿದ್ದರು. ಮನುಷ್ಯರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿದ್ದು 1986ರಲ್ಲಿ, ಅಮೆರಿಕದ ವೈದ್ಯರಾದ ಕಾರ್ಲೋಸ್ ಶೆಂಕ್ ಮತ್ತು ಮಾರ್ಕ್ ಮಹೋವಾಲ್ಡ್. ರಾತ್ರಿಯ ಕೊನೆಯ ಭಾಗದಲ್ಲಿ ರೆಮ್ ನಿದ್ದೆ ಹೆಚ್ಚು, ಅದಕ್ಕೇ ಬೆಳಗಿನ ಜಾವದ ಗಲಾಟೆ.

ನಿದ್ದೆಯಲ್ಲಿ ನಡೆಯುವವರ ಕಥೆ ಬೇರೆ. ಅದು ಮಲಗಿದ ಮೊದಲ ಒಂದೆರಡು ಗಂಟೆಯಲ್ಲಿ ಆಗುವಂಥದ್ದು. ಕಣ್ಣು ತೆರೆದೇ ಇರುತ್ತದೆ, ಎಬ್ಬಿಸಿದರೆ ಗೊಂದಲ, ಬೆಳಿಗ್ಗೆ ನೆನಪಿರುವುದಿಲ್ಲ. ಪ್ರತಿಸಲ ಅಚ್ಚೊತ್ತಿದಂತೆ ಒಂದೇ ಬಗೆಯ ಚಲನೆಯಾದರೆ ಫಿಟ್ಸ್ ಇರಬಹುದು. ಜೋರು ಗೊರಕೆ, ನಡುವೆ ಉಸಿರು ನಿಲ್ಲುವುದು ಇದ್ದರೆ ಸ್ಲೀಪ್ ಆಪ್ನಿಯಾದಿಂದಲೂ ಥೇಟ್ ಇಂಥದ್ದೇ ಒದ್ದಾಟ ಆಗುತ್ತದೆ. ಆಗ ಆಪ್ನಿಯಾಕ್ಕೆ ಚಿಕಿತ್ಸೆ ಕೊಟ್ಟರೆ ಒದ್ದಾಟವೂ ಇಳಿಯುತ್ತದೆ.

ವೈದ್ಯರನ್ನು ಕಾಣುವ ತನಕ ಕಾಯದೆ ಇವತ್ತೇ ಮಾಡಬೇಕಾದ ಕೆಲಸವಿದೆ. ಸ್ವಲ್ಪ ದಿನ ಬೇರೆ ಹಾಸಿಗೆಯಲ್ಲಿ ಮಲಗಿ, ಇದರಲ್ಲಿ ಮುಜುಗರವೇನಿಲ್ಲ. ಅವರ ಹಾಸಿಗೆ ನೆಲಕ್ಕೆ ಹತ್ತಿರವಿರಲಿ, ಪಕ್ಕದಲ್ಲಿ ಮೆತ್ತೆ ಹಾಸಿ. ಗಾಜಿನ ಲೋಟ, ಮೇಜಿನ ಚೂಪು ಮೂಲೆ, ಟೇಬಲ್ ಲ್ಯಾಂಪ್ ಕೈಗೆಟುಕಬಾರದು. ಎಬ್ಬಿಸುವಾಗ ಮೈ ಮುಟ್ಟಬೇಡಿ. ಕನಸಿನಲ್ಲಿ ಬಂದ ಕಳ್ಳ ನೀವೇ ಆಗಿಬಿಡುತ್ತೀರಿ! ದೂರ ನಿಂತು ಕರೆಯಿರಿ.

ತೋರಿಸಬೇಕಾದದ್ದು ನರರೋಗ ತಜ್ಞರಿಗೆ ಅಥವಾ ನಿದ್ರಾ ತಜ್ಞರಿಗೆ. ನೀವೂ ಜೊತೆಗೆ ಹೋಗಲೇಬೇಕು, ರಾತ್ರಿ ನಡೆದದ್ದಕ್ಕೆ ಸಾಕ್ಷಿ ನೀವೇ. ಮೊಬೈಲ್‌ನಲ್ಲಿ ತೆಗೆದ ವಿಡಿಯೊ, ಅವರು ನುಂಗುವ ಎಲ್ಲ ಮಾತ್ರೆಗಳ ಪಟ್ಟಿ ಒಯ್ಯಿರಿ. ಖಿನ್ನತೆಗೆ ಕೊಡುವ ಫ್ಲುಯೊಕ್ಸೆಟಿನ್, ವೆನ್ಲಾಫ್ಯಾಕ್ಸಿನ್, ಮಿರ್ಟಜಪಿನ್‌ನಂಥ ಔಷಧಿಗಳಿಂದ ಇದು ಶುರುವಾಗುವುದುಂಟು. ಹಾಗೆಂದು ನೀವೇ ನಿಲ್ಲಿಸಬೇಡಿ. ನಿತ್ಯ ಕುಡಿಯುವವರು ಮದ್ಯವನ್ನು ಥಟ್ಟನೆ ಬಿಟ್ಟಾಗಲೂ ಹೀಗಾಗಬಹುದು.

ಲಕ್ಷಣ ಕೇಳಿ ಅಂದಾಜು ಮಾಡಬಹುದೇ ಹೊರತು ಖಚಿತವಾಗಲು ವಿಡಿಯೊ ಸಹಿತ ಪಾಲಿಸೋಮ್ನೋಗ್ರಫಿ, ಅಂದರೆ ಲ್ಯಾಬ್‌ನಲ್ಲಿ ಒಂದು ರಾತ್ರಿ ಮಲಗಿಸಿ ಮಾಡುವ ಪರೀಕ್ಷೆ ಬೇಕು. ತಲೆ, ಕಣ್ಣಿನ ಪಕ್ಕ, ಗದ್ದ, ಕಾಲುಗಳಿಗೆ ತಂತಿ ಅಂಟಿಸುತ್ತಾರೆ. ಕೈಗೂ ಅಂಟಿಸುತ್ತೀರಾ ಎಂದು ಮೊದಲೇ ಕೇಳಿಕೊಳ್ಳಿ. ಗದ್ದ ಮತ್ತು ಮುಂಗೈ ಎರಡನ್ನೂ ದಾಖಲಿಸಿದರೆ ಪತ್ತೆ ಸುಲಭ. ಮನೆಯಲ್ಲೇ ಮಾಡುವ ಆಪ್ನಿಯಾ ಪರೀಕ್ಷೆ ಇದಕ್ಕೆ ಸಾಲದು, ಅದು ಸ್ನಾಯುಗಳನ್ನು ಅಳೆಯುವುದಿಲ್ಲ. ಆ ರಾತ್ರಿ ಅವರು ಕೂಗಾಡದಿದ್ದರೂ ಪರೀಕ್ಷೆ ದಂಡವಲ್ಲ: ರೆಮ್ ನಿದ್ದೆಯಲ್ಲಿ ಸ್ನಾಯುಗಳು ಬಿಗಿಯಾಗಿಯೇ ಉಳಿದದ್ದು ದಾಖಲಾಗಿರುತ್ತದೆ.

ಔಷಧಿಗಳು ಮುಖ್ಯವಾಗಿ ಎರಡು. ಮೆಲಟೋನಿನ್ ಅನ್ನು ಮಲಗುವ ಹೊತ್ತಿಗೆ 3 ಮಿ.ಗ್ರಾಂನಿಂದ ಶುರುಮಾಡಿ, ಅಗತ್ಯವಿದ್ದರೆ ನಿಧಾನವಾಗಿ 6ರಿಂದ 15ರವರೆಗೆ ಏರಿಸುತ್ತಾರೆ. ಕ್ಲೊನಜೆಪಾಮ್ 0.25 ಅಥವಾ 0.5 ಮಿ.ಗ್ರಾಂನಿಂದ ಆರಂಭ. ಇದು ಅನೇಕರಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ವಯಸ್ಸಾದವರಲ್ಲಿ ಬೆಳಗಿನ ಮಂಪರು, ತೂರಾಟ, ಬೀಳುವ ಭಯ ಉಂಟು. ಚಿಕಿತ್ಸೆಯಾಗದ ಆಪ್ನಿಯಾ ಇದ್ದರೆ ಉಸಿರಾಟಕ್ಕೂ ತೊಂದರೆ. ಹಾಗಾಗಿ ಅರವತ್ತು ದಾಟಿದವರಿಗೆ ಮೊದಲು ಮೆಲಟೋನಿನ್ ಪ್ರಯತ್ನಿಸುವುದೇ ಮೇಲು. ಪ್ರಮಾಣ ವೈದ್ಯರೇ ನಿರ್ಧರಿಸಲಿ.

ಇನ್ನೊಂದು ವಿಷಯವನ್ನು ಕೆಲವರು ರೋಗಿಗೆ ಹೇಳಲು ಹಿಂಜರಿಯುತ್ತಾರೆ. ಬೇರೆ ಕಾರಣವಿಲ್ಲದೆ ಬರುವ ಆರ್‌ಬಿಡಿ ಮುಂದೆ ಪಾರ್ಕಿನ್ಸನ್ ಅಥವಾ ಲೂಯಿ ಬಾಡಿ ಡಿಮೆನ್ಶಿಯಾ ಎಂಬ ಮರೆವಿನ ಕಾಯಿಲೆಯ ಮುನ್ಸೂಚನೆಯಾಗಿರಬಹುದು. 2019ರಲ್ಲಿ ಪ್ರಕಟವಾದ, 1,280 ರೋಗಿಗಳ ಅಧ್ಯಯನದಲ್ಲಿ ವರ್ಷಕ್ಕೆ ಸುಮಾರು 6% ಮಂದಿಗೆ ಹೀಗಾಯಿತು. ತಡೆಯುವ ಔಷಧಿ ಇನ್ನೂ ಬಂದಿಲ್ಲ. ಮೇಲಿನ ಮಾತ್ರೆಗಳೂ ತಡೆಯುವುದಿಲ್ಲ. ನಿಯಮಿತ ವ್ಯಾಯಾಮ ಬಿಡದಿರಲಿ. ವರ್ಷಕ್ಕೊಮ್ಮೆ ನರರೋಗ ತಜ್ಞರ ತಪಾಸಣೆ ಆಗಲಿ. ವಾಸನೆ ತಿಳಿಯದಿರುವುದು, ಹಳೆಯ ಮಲಬದ್ಧತೆ, ಎದ್ದು ನಿಂತಾಗ ತಲೆಸುತ್ತು, ಅಕ್ಷರ ಸಣ್ಣದಾಗುವುದು, ನಡೆಯುವಾಗ ಒಂದು ಕೈ ಬೀಸದಿರುವುದು ಕಂಡರೆ ವರ್ಷ ತುಂಬುವ ತನಕ ಕಾಯಬೇಡಿ.