ಕಾಲಂ ತಪ್ಪಿದರೆ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ನಮ್ಮ ಮನೆಯಲ್ಲಿ ಮಾತು ತುಳು, ಕಲಿತದ್ದು ಕನ್ನಡ ಮೀಡಿಯಂ, ಅರ್ಜಿ ಫಾರಂ ಮಲಯಾಳ. ಅಪ್ಪನಿಗೆ ಮಲಯಾಳ ಓದಲು ಬರುವುದಿಲ್ಲ. ಆದರೂ ಫಾರಂ ತುಂಬುತ್ತಾರೆ. ಮೊದಲ ಕಾಲಂ ಹೆಸರು, ಎರಡನೆಯದು ಮನೆ ಹೆಸರು, ಆಮೇಲೆ ಸರ್ವೆ ನಂಬರ್ ಅಂತ ಗೊತ್ತಿದ್ದರೆ ಸಾಕು ಅಲ್ವಾ? ಒಮ್ಮೆ ಮಾತ್ರ ಮನೆ ಹೆಸರಿನ ಕಾಲಂನಲ್ಲಿ ಅಜ್ಜನ ಹೆಸರು ಬರೆದುಬಿಟ್ಟರು. ಯಾರೂ ಏನೂ ಕೇಳಲಿಲ್ಲ. ಸರ್ಟಿಫಿಕೇಟ್ ಕೈಗೆ ಬಂದಾಗ ಅಜ್ಜನ ಹೆಸರೇ ಮನೆ ಹೆಸರಾಗಿತ್ತು.

ಒಂದು ಪ್ರೋಗ್ರಾಮಿಂಗ್ ಭಾಷೆಯ ಕೋಡನ್ನು ಇನ್ನೊಂದು ಭಾಷೆಯಿಂದ ಕರೆಯುವಾಗ ನಡೆಯುವುದೂ ಇದೇ. ಪೈಥಾನ್ ಸಿಯನ್ನು ಓದುವುದಿಲ್ಲ, ಸಿಗೆ ಪೈಥಾನ್ ಗೊತ್ತಿಲ್ಲ. ಎರಡೂ ಒಪ್ಪಿಕೊಂಡಿರುವುದು ಕಾಲಂಗಳನ್ನು ಮಾತ್ರ.

ಈ ಕಾಲಂಗಳು ಇರುವುದು ಪ್ರೊಸೆಸರಿನ ಒಳಗೆ. ರಿಜಿಸ್ಟರ್ ಅನ್ನುತ್ತಾರೆ. ಇಂಟೆಲ್ ಅಥವಾ ಎಎಂಡಿ ಪ್ರೊಸೆಸರಿನ 64 ಬಿಟ್ ಲಿನಕ್ಸ್ ಕಂಪ್ಯೂಟರಿನಲ್ಲಿ ಫಂಕ್ಷನ್‌ಗೆ (ಹೆಸರು ಹೇಳಿ ಕರೆಯುವ ಕೋಡಿನ ತುಣುಕಿಗೆ) ಕೊಡುವ ಮೊದಲ ಪೂರ್ಣಾಂಕ ಆರ್‌ಡಿಐ ಎಂಬ ರಿಜಿಸ್ಟರಿಗೆ ಹೋಗಬೇಕು. ಎರಡನೆಯದು ಆರ್‌ಎಸ್‌ಐಗೆ. ಉತ್ತರ ಆರ್‌ಎಎಕ್ಸ್‌ನಲ್ಲಿ ಸಿಗುತ್ತದೆ. ದಶಾಂಶ ಸಂಖ್ಯೆಗಳಿಗೆ ಬೇರೆಯೇ ಸಾಲು. ಅವು ಎಕ್ಸ್‌ಎಂಎಂ0ರಿಂದ ಶುರುವಾಗುತ್ತವೆ, ದಶಾಂಶದ ಉತ್ತರವೂ ಅಲ್ಲಿಗೇ ಬರುತ್ತದೆ.

ಪೈಥಾನಿನ ಜೊತೆಗೇ ಸಿಗುವ, ಸಿ ಕೋಡನ್ನು ಕರೆಯುವ ಸಲಕರಣೆಯಾದ ಸಿಟೈಪ್ಸ್‌ನಿಂದ ಇದನ್ನು ಕಣ್ಣಾರೆ ನೋಡಬಹುದು. ಸಿಯ ಗಣಿತ ಲೈಬ್ರರಿ (ಸಿದ್ಧ ಫಂಕ್ಷನ್‌ಗಳ ಕಟ್ಟು) ತೆರೆದು, ದಶಾಂಶ ಸಂಖ್ಯೆ ಅಂತ ಹೇಳಿಯೇ 2.0 ಕೊಟ್ಟು, ವರ್ಗಮೂಲ ಕೇಳಿ. ಬರುವುದು ಅರ್ಥವಿಲ್ಲದ ಯಾವುದೋ ಪೂರ್ಣಾಂಕ. ಸಿ ಲೆಕ್ಕ ತಪ್ಪಿಲ್ಲ. ಸರಿಯಾದ ಉತ್ತರ ಎಕ್ಸ್‌ಎಂಎಂ0ರಲ್ಲಿ ಕೂತಿದೆ. ಆದರೆ ಬೇರೆ ಹೇಳದಿದ್ದರೆ ಸಿಟೈಪ್ಸ್ ಉತ್ತರವನ್ನು ಪೂರ್ಣಾಂಕ ಅಂತಲೇ ತಿಳಿಯುತ್ತದೆ. ಆರ್‌ಎಎಕ್ಸ್‌ನಲ್ಲಿ ಸುಮ್ನೆ ಬಿದ್ದಿದ್ದ ಹಳೆಯದನ್ನು ಎತ್ತಿ ಕೊಡುತ್ತದೆ. ಉತ್ತರ ಡಬಲ್ (ಸಿಯಲ್ಲಿ ದಶಾಂಶ ಸಂಖ್ಯೆ) ಎಂದು ಒಂದು ಸಾಲು ಸೇರಿಸಿ. 1.4142135623730951 ಬರುತ್ತದೆ. ನನಗೆ ಇದು ಮೊದಲ ಸಲ ಹೊಳೆದಾಗ ಅಜ್ಜನ ಹೆಸರಿದ್ದ ಆ ಕಾಗದವೇ ಕಣ್ಣ ಮುಂದೆ ಬಂತು.

ನಡುವೆ ಯಾವಾಗಲೂ ಸಿ ಯಾಕೆ? ಅದು 1972ರ ಹೊತ್ತಿಗೆ ಬೆಲ್ ಲ್ಯಾಬ್ಸ್‌ನಲ್ಲಿ ರೂಪುಗೊಂಡಿತು. ಮರುವರ್ಷವೇ ಅಲ್ಲಿನ ಆಪರೇಟಿಂಗ್ ಸಿಸ್ಟಮ್ ಆದ ಯುನಿಕ್ಸ್‌ನ ತಿರುಳಾದ ಕರ್ನಲ್ಲನ್ನು ಸಿಯಲ್ಲಿ ಮತ್ತೆ ಬರೆದರು. ಆಮೇಲೆ ಬಂದ ಬಹಳಷ್ಟು ಭಾಷೆಗಳಿಗೆ ಆಪರೇಟಿಂಗ್ ಸಿಸ್ಟಮ್ ಜೊತೆ ವ್ಯವಹರಿಸಲು ಸಿಯ ಕ್ರಮ ಬೇಕಾಯಿತು. ಹಾಗಾಗಿ ರಸ್ಟ್ ಎಂಬ ಭಾಷೆಗೂ ಪೈಥಾನಿಗೂ ಮಾತಾಗಬೇಕಾದರೆ ಎರಡೂ ಸಿಯ ಕ್ರಮಕ್ಕೆ ಬರುತ್ತವೆ, ನಮ್ಮಲ್ಲಿ ತುಳುವಿನವರೂ ಕೊಂಕಣಿಯವರೂ ಕನ್ನಡಕ್ಕೆ ಬರುವ ಹಾಗೆ.

ಕಾಲಂ ಸರಿಯಿದ್ದರೂ ಎಡವಟ್ಟು ಆಗಬಹುದು. ಅಂಕಿಗಳ ಕೋಷ್ಟಕವನ್ನು ಸಿ ಅಡ್ಡಸಾಲು ಅಡ್ಡಸಾಲಾಗಿ ಮೆಮೊರಿಯಲ್ಲಿ ಇಡುತ್ತದೆ. 1957ರ ಫೋರ್ಟ್ರಾನ್ ಭಾಷೆ ಇಡುವುದು ಕಂಬಸಾಲಾಗಿ. ಫೋರ್ಟ್ರಾನಿನಲ್ಲಿ ಬರೆದ ಲ್ಯಾಪ್ಯಾಕ್‌ನಂಥ ಲೈಬ್ರರಿಗಳು ಇವತ್ತಿಗೂ ಲೆಕ್ಕ ಮಾಡುತ್ತಿವೆ. ಸಿಯಿಂದ ಕೋಷ್ಟಕವನ್ನು ಹಾಗೇ ದಾಟಿಸಿದರೆ ಅಡ್ಡಸಾಲು ಕಂಬಸಾಲಾಗುತ್ತದೆ. ಎರರ್ ಬರುವುದಿಲ್ಲ, ಉತ್ತರ ಮಾತ್ರ ಬೇರೆಯಾಗಬಹುದು.

ಜಾಸ್ತಿ ಕಾಡುವುದು ಮೆಮೊರಿ. ಪೈಥಾನ್ ಒಂದು ವಸ್ತುವನ್ನು ಎಷ್ಟು ಕಡೆಯಿಂದ ಹಿಡಿದುಕೊಂಡಿದ್ದಾರೆ ಅಂತ ಎಣಿಸುತ್ತಾ, ಎಣಿಕೆ ಸೊನ್ನೆಯಾದಾಗ ಅದರ ಜಾಗವನ್ನು ಖಾಲಿ ಮಾಡುತ್ತದೆ. ಸಿ ಕಡೆಯವರು ಅದರ ವಿಳಾಸವನ್ನು ಇನ್ನೂ ಇಟ್ಟುಕೊಂಡಿದ್ದರೆ ಅದು ಈ ಎಣಿಕೆಗೆ ತಾನಾಗಿ ಸೇರುವುದಿಲ್ಲ. ಸಿಯಲ್ಲಿ ಪಡೆದ ಜಾಗವನ್ನು ಪೈಥಾನ್ ತಾನಾಗಿ ಖಾಲಿ ಮಾಡುವುದೂ ಇಲ್ಲ. ಕೊಟ್ಟ ಲೈಬ್ರರಿಯ ಫಂಕ್ಷನ್‌ನಿಂದಲೇ ಬಿಡಿಸಬೇಕು, ಅದೂ ಒಂದೇ ಸಲ.